ಪೈಥಾನ್ 4 ಬಂದರೆ ಕಲಿತದ್ದೆಲ್ಲ ಹಾಳಾ?

ಪ್ರಶ್ನೆ: ಮಗಳು ಪ್ಲಸ್ ಟು ಮುಗಿಸಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಪೈಥಾನ್ 4 ಬಂದರೆ ಈಗ ಕಲಿತದ್ದು ಯಾವುದಕ್ಕೂ ಬಾರದು ಅಂತ ಯಾರೋ ಹೆದರಿಸಿದ್ದಾರೆ. ಹೌದಾ?
– ನೀರ್ಚಾಲಿನ ಓದುಗರು

ಉತ್ತರ: ಇಲ್ಲ, ಧೈರ್ಯವಾಗಿ ಕಲಿಯಲಿ. ಪೈಥಾನ್ 4 ತರುವ ಯೋಜನೆಯೇ ಸದ್ಯಕ್ಕಿಲ್ಲ. 3.9 ಆದ ಮೇಲೆ 4 ಅಂತ ತುಂಬಾ ಜನ ಅಂದುಕೊಂಡಿದ್ದರು. 2021ರಲ್ಲಿ ಬಂದದ್ದು 3.10. ಅದು ಮೂರು ಪಾಯಿಂಟ್ ಹತ್ತು, 3.1 ಅಲ್ಲ.

ಹೆದರಿಸಿದವರದ್ದೂ ಪೂರ್ತಿ ತಪ್ಪಲ್ಲ. ಒಮ್ಮೆ ಹಾಗೆ ಆಗಿದೆ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂತು. 2ರಲ್ಲಿ ಬರೆದದ್ದು ಅದರಲ್ಲಿ ಹಾಗೇ ಓಡುತ್ತಿರಲಿಲ್ಲ. ಬದಿಯಡ್ಕದ ನನ್ನ ಮಾವನಿಗೆ ಅಡಿಕೆ ಸುಲಿಯುವ ಕೂಲಿಯ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹೊಸ ಕಂಪ್ಯೂಟರಿಗೆ ಹಾಕಿದರೆ, ಉತ್ತರ ತೋರಿಸುವ ‘ಪ್ರಿಂಟ್’ ಆದೇಶದ ಪಕ್ಕ ಆವರಣ ( ) ಇಲ್ಲ ಅಂತ ಮೊದಲ ಸಾಲಲ್ಲೇ ನಿಂತಿತು. ಅದನ್ನು ಸರಿ ಮಾಡಿದೆ. ಈಗ ಲೆಕ್ಕವೇ ಬೇರೆ! 1175 ರೂಪಾಯಿಯನ್ನು ಇಬ್ಬರಿಗೆ ಹಂಚಿದರೆ ಹಳೆಯದರಲ್ಲಿ 587, ಹೊಸದರಲ್ಲಿ 587.5. “ಇಷ್ಟು ವರ್ಷದ ಎಂಟಾಣೆ ಎಲ್ಲ ಎಲ್ಲಿಗೆ ಹೋಯಿತು ಮಾರಾಯಾ?” ಅಂದರು ಮಾವ.

ಅಷ್ಟು ಮುರಿದು ಕಟ್ಟಿದ್ದಕ್ಕೆ ದೊಡ್ಡ ಕಾರಣ ಅಕ್ಷರ. ‘ಕಾಸರಗೋಡು’ ಎಷ್ಟು ಉದ್ದ ಅಂತ ಕೇಳಿದರೆ, ಯುಟಿಎಫ್-8ರಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಡುವ ಒಂದು ಪದ್ಧತಿ) ಬರೆದ ಆ ಪದಕ್ಕೆ ಪೈಥಾನ್ 2 ಹೇಳುತ್ತಿದ್ದದ್ದು 24. ಅದು ಎಣಿಸುತ್ತಿದ್ದದ್ದು ಬೈಟುಗಳನ್ನು, ಅಂದರೆ ಕಂಪ್ಯೂಟರ್ ಅಕ್ಷರವನ್ನು ಕೂಡಿಡುವ ಸಣ್ಣ ತುಣುಕುಗಳನ್ನು. ಪೈಥಾನ್ 3ರಲ್ಲಿ ಉತ್ತರ 8. ನಮ್ಮ ಕಣ್ಣಿಗೆ ಐದೇ ಅಕ್ಷರ, ಅಲ್ವಾ? ಕಾ, ಗೋ, ಡು ಇವುಗಳ ಗುಣಿತದ ಗುರುತುಗಳನ್ನು ಅದು ಬೇರೆಯಾಗಿ ಎಣಿಸುತ್ತದೆ. ಇರಲಿ, 24ಕ್ಕಿಂತ ವಾಸಿ. ಬರೀ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಬದಲಾವಣೆ ಸುಮ್ನೆ ಕಿರಿಕಿರಿ ಅನಿಸಿರಬಹುದು. ಕನ್ನಡ, ಮಲಯಾಳ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುವ ನಮಗೆ ಅದು ಬೇಕೇ ಇತ್ತು. ಈಗ ಪ್ರೋಗ್ರಾಮಿನಲ್ಲಿ ಬೆಲೆ ಇಟ್ಟುಕೊಳ್ಳುವ ವೇರಿಯಬಲ್‌ಗೆ ‘ಅಡಿಕೆ’ ಅಂತ ಕನ್ನಡದಲ್ಲೇ ಹೆಸರಿಡಬಹುದು.

ಆದರೆ ಜನ ಹಳೆಯದನ್ನು ಬಿಡಲಿಲ್ಲ. 2015ಕ್ಕೆ ಪೈಥಾನ್ 2 ನಿಲ್ಲಿಸುವುದು ಅಂತಿದ್ದದ್ದು 2020ರವರೆಗೆ ಎಳೆಯಿತು. ಈಗ ಪ್ರತಿ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ. ಒಂದೊಂದನ್ನೂ ಐದು ವರ್ಷ ನೋಡಿಕೊಳ್ಳುತ್ತಾರೆ.

ಮುಂದಿನ ದೊಡ್ಡ ಕೆಲಸವೂ ಶುರುವಾಗಿದೆ. ಅಡಿಕೆ ಸುಲಿಯಲು ನಾಲ್ಕು ಜನ ಕೂತಿದ್ದಾರೆ, ಕತ್ತಿ ಒಂದೇ ಅಂದುಕೊಳ್ಳಿ. ಪೈಥಾನ್ ಪ್ರೋಗ್ರಾಮಿನಲ್ಲಿ ಒಟ್ಟಿಗೆ ಸಾಗುವ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳ ಕತೆ ಅದೇ: ಎಷ್ಟೇ ಇದ್ದರೂ ಒಂದು ಸಲಕ್ಕೆ ಪೈಥಾನ್ ಓಡಿಸುವುದು ಒಂದೇ. ಕತ್ತಿ ಒಂದೇ ಎನ್ನುವ ಆ ಕಟ್ಟುಪಾಡಿಗೆ ಜಿಐಎಲ್ (ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್) ಅಂತ ಹೆಸರು. 2024ರ 3.13ರಲ್ಲಿ ಅದಿಲ್ಲದ ಪೈಥಾನನ್ನು ಪ್ರಯೋಗಕ್ಕೆ ಬಿಟ್ಟರು. 2025ರ 3.14ರಲ್ಲಿ ಅದಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಆದರೂ ಅದು ಬೇಕಾದವರಿಗೆ ಮಾತ್ರ, ಬೇರೆಯಾಗಿ ಹಾಕಿಕೊಳ್ಳಬೇಕು. ಹಿಂದಿನ ಪೆಟ್ಟು ತಿನ್ನದೇ ಇದ್ದಿದ್ದರೆ ಇದಕ್ಕೇ 4 ಅಂತ ಹೆಸರಿಟ್ಟು ಎಲ್ಲರನ್ನೂ ದೂಡುತ್ತಿದ್ದರು ಅಂತ ನನಗನಿಸುತ್ತದೆ.

ಮಗಳಿಗೆ ಒಂದು ಮಾತು ಹೇಳಿ. ಯಾರಾದರೂ ಕೊಟ್ಟ ಹಳೆ ಪುಸ್ತಕದಲ್ಲಿ ‘ಪ್ರಿಂಟ್’ ಪಕ್ಕ ಆವರಣ ಕಾಣದಿದ್ದರೆ ಅದು 2ರ ಕಾಲದ್ದು. ಅದನ್ನು ಅಟ್ಟಕ್ಕೇ ಹಾಕಲಿ.