ಉತ್ತಮ, ಆಪ್ಟಿಮಮ್ ಮತ್ತು ಹೆಬ್ಬಾಳದ ಲೆಕ್ಕ

ಅತ್ಯಂತ ಸೂಕ್ತ ಮಟ್ಟ ಎಂಬರ್ಥದ ಇಂಗ್ಲಿಷಿನ ‘ಆಪ್ಟಿಮಮ್’ ನಮ್ಮ ‘ಉತ್ತಮ’ದಿಂದಲೇ ಹುಟ್ಟಿದ್ದು ಎಂದು ಎದೆ ತಟ್ಟಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದರಲ್ಲಿ ಅರ್ಧ ನಿಜವಿರುವುದೇ ತೊಂದರೆ. ಈ ಪದಗಳ ಬಾಲ ಒಂದೇ, ತಲೆ ಬೇರೆ. ಸಂಸ್ಕೃತದ ‘-ತಮ’, ಲ್ಯಾಟಿನ್ನಿನ ‘-ಟಿಮಸ್’ ಎರಡೂ ಒಂದೇ ಪ್ರಾಚೀನ ಭಾಷೆಯಿಂದ ಇಳಿದ ದಾಯಾದಿ ಪ್ರತ್ಯಯಗಳು. ಆದರೆ ‘ಉತ್ತಮ’ದ ತಲೆ ‘ಉತ್’, ಅಂದರೆ ಮೇಲೆ; ‘ಆಪ್ಟಿಮಮ್’ನ ಲ್ಯಾಟಿನ್ ಮೂಲವಾದ ‘ಆಪ್ಟಿಮಸ್’ನ ತಲೆ ಬಲ, ಸಂಪತ್ತು ಎಂಬ ಅರ್ಥದ ‘ಆಪ್ಸ್’ ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಅದಕ್ಕೆ ಸಂಸ್ಕೃತದಲ್ಲಿ ನೆಂಟ ಬೇಕೆಂದರೆ ವೇದದ ‘ಅಪ್ನಸ್’ ಇದೆ.

ರೋಮನ್ನರು ತಮ್ಮ ಮುಖ್ಯ ದೇವರಾದ ಜೂಪಿಟರನನ್ನು ‘ಆಪ್ಟಿಮಸ್ ಮ್ಯಾಕ್ಸಿಮಸ್’ ಎಂದು ಕರೆದರು: ಅತ್ಯುತ್ತಮನೂ ಹೌದು, ಅತಿ ದೊಡ್ಡವನೂ ಹೌದು. ಎರಡೂ ಒಂದೇ ಅಲ್ಲವೆಂದು ಅವರಿಗೆ ಗೊತ್ತಿತ್ತು. ಈ ಜಗತ್ತೇ ಸಾಧ್ಯವಿದ್ದವುಗಳಲ್ಲೆಲ್ಲ ಅತ್ಯುತ್ತಮ ಎಂದು 1710ರಲ್ಲಿ ವಾದಿಸಿದ ಜರ್ಮನ್ ತತ್ವಜ್ಞಾನಿ ಲೈಬ್‌ನಿಟ್ಸ್‌ನ ನಿಲುವಿಗೆ ‘ಆಪ್ಟಿಮಿಸಂ’ ಎಂಬ ಹೆಸರು ಬಿತ್ತು. 1759ರಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್ ಅದನ್ನು ಮನಸಾರೆ ಗೇಲಿ ಮಾಡಿದ. ಆದರೆ ‘ಸಾಧ್ಯವಿದ್ದವುಗಳಲ್ಲಿ’ ಎಂಬ ಷರತ್ತನ್ನು ಗಣಿತ ಬಿಡಲಿಲ್ಲ.

ಆ ಷರತ್ತಿನ ಸೊಗಸು ಕಾಣಬೇಕಾದರೆ ಬೆಳಗಿನ ಹೊತ್ತು ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. ಗಂಟೆಗೆ ಎಷ್ಟು ವಾಹನ ದಾಟುತ್ತವೆ? ಕಿಲೋಮೀಟರಿಗೆ ಇರುವ ವಾಹನಗಳನ್ನು ವೇಗದಿಂದ ಗುಣಿಸಿದಷ್ಟು. ದಟ್ಟಣೆ ಹೆಚ್ಚಿದಂತೆ ವೇಗ ಸರಳರೇಖೆಯಲ್ಲಿ ಇಳಿಯುತ್ತದೆಂದು 1935ರಲ್ಲಿ ಅಮೆರಿಕದ ಸಂಚಾರ ಎಂಜಿನಿಯರ್ ಬ್ರೂಸ್ ಗ್ರೀನ್‌ಶೀಲ್ಡ್ಸ್ ತೋರಿಸಿದ. ಅವನ ಸೂತ್ರಕ್ಕೆ ಒಂದು ಕಾಲ್ಪನಿಕ ಪಥವನ್ನು ಕೊಡೋಣ: ಖಾಲಿ ಇದ್ದಾಗ ವೇಗ 60 ಕಿ.ಮೀ., ಕಿಲೋಮೀಟರಿಗೆ 120 ವಾಹನ ತುಂಬಿದರೆ ಸ್ತಬ್ಧ. 12 ವಾಹನಗಳಿದ್ದಾಗ ವೇಗ 54, ಗಂಟೆಗೆ ದಾಟುವುದು 648. 108 ಇದ್ದಾಗ ವೇಗ 6, ದಾಟುವುದು ಮತ್ತೆ ಅದೇ 648! ಹಾಯಾಗಿ ಓಡುವ ರಸ್ತೆಯೂ ತೆವಳುವ ರಸ್ತೆಯೂ ಸಾಗಿಸುವುದು ಅಷ್ಟೇ ವಾಹನಗಳನ್ನು. ಗರಿಷ್ಠ ಹರಿವು ಸಿಗುವುದು 60 ವಾಹನ, 30 ಕಿ.ಮೀ. ವೇಗದಲ್ಲಿ: 1,800. ಆಪ್ಟಿಮಮ್ ಎಂದರೆ ಇದು. ಸಾಲು ಮುರಿದು ನುಗ್ಗುವ ನಮ್ಮ ದ್ವಿಚಕ್ರ ವಾಹನಗಳು ಆ ಸರಳರೇಖೆಯನ್ನು ಸೊಟ್ಟ ಮಾಡುತ್ತವೆ, ನಿಜ. ಆದರೂ ನಡುವೆ ಎಲ್ಲೋ ಶಿಖರವೊಂದು ಇದ್ದೇ ಇರುತ್ತದೆ.

ಹಾಗಾಗಿಯೇ 1963ರಲ್ಲಿ ಷಿಕಾಗೋದ ಐಸೆನ್‌ಹೋವರ್ ಹೆದ್ದಾರಿಯ ಪ್ರವೇಶದಲ್ಲಿ ಪೊಲೀಸರು ವಾಹನಗಳನ್ನು ತಡೆದು ಒಂದೊಂದಾಗಿ ಬಿಡತೊಡಗಿದರು. ದಟ್ಟಣೆ ಶಿಖರವನ್ನು ದಾಟಿದ ಮೇಲೆ ಒಳಗೆ ನುಗ್ಗುವ ಪ್ರತಿ ವಾಹನವೂ ಒಟ್ಟು ಹರಿವನ್ನು ಕುಗ್ಗಿಸುತ್ತದೆ. ಮೇಲ್ಸೇತುವೆಗೆ ಹತ್ತುವ ಇಳಿಜಾರಿನಲ್ಲಿ ತಡೆದು ನಿಲ್ಲಿಸಿದ ಪೊಲೀಸರ ಮೇಲೆ ಹಾರ್ನ್ ಒತ್ತಿ ಸಿಟ್ಟು ತೀರಿಸಿಕೊಳ್ಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಲಿ.