ನಿಮಿಷ ಕೇಳಬೇಡಿ, ಸಾಲಿನ ಸಂಖ್ಯೆ ಕೇಳಿ

ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಒಂದಿಲ್ಲೊಂದು ಊರಿನಲ್ಲಿ ತಾಳಮದ್ದಳೆ ಇದ್ದೇ ಇರುತ್ತದೆ. ವೇಷವಿಲ್ಲದ ಯಕ್ಷಗಾನ ಅದು: ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಅದರ ಅರ್ಥ ಮಾತಾಡುತ್ತಾರೆ. ಮೂರು ಗಂಟೆಯ ರೆಕಾರ್ಡಿಂಗನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿಕೊಂಡು ಬರುವವರ ದೂರು ಈಗೀಗ ಒಂದೇ: "ಎಐಗೆ ಹಾಕಿದ್ದೆ ಮಾರಾಯ್ರೇ. ಹತ್ತು ನಿಮಿಷದ ಒಳ್ಳೇ ಭಾಗ ತೆಗೆದುಕೊಡು ಅಂದರೆ ಅರ್ಧ ಮಾತಿಗೇ ಕಡಿದು ಇಟ್ಟಿದೆ. ಪದ್ಯ ಒಂದೂ ಇಲ್ಲ." ಇನ್ನೂ ದುಬಾರಿಯದು ತಗೊಂಡರೆ ಸರಿಹೋದೀತೇ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಬಹುಪಾಲು ಸಂದರ್ಭದಲ್ಲಿ ಸರಿಹೋಗುವುದಿಲ್ಲ. ತೊಂದರೆ ಇರುವುದು ನಾವು ಅದರ ಮುಂದೆ ಏನನ್ನು ಇಡುತ್ತೇವೆ, ಏನನ್ನು ಕೇಳುತ್ತೇವೆ ಎಂಬುದರಲ್ಲಿ.

ಎಐ ಕೂತು ಮೂರು ಗಂಟೆಯ ವಿಡಿಯೊ ನೋಡಿ ಆರಿಸುತ್ತದೆ ಎಂದೇ ಹೆಚ್ಚಿನವರ ಕಲ್ಪನೆ. ನಡೆಯುವುದು ಬೇರೆ. ಒಂದು ತಂತ್ರಾಂಶ ಮಾತನ್ನು ಅಕ್ಷರಕ್ಕಿಳಿಸುತ್ತದೆ. ಆ ಬರಹ ಎಐ ಮುಂದೆ ಹೋಗುತ್ತದೆ. ಅದು ಓದಿ ತೀರ್ಮಾನಿಸುತ್ತದೆ. ವಿಡಿಯೊವನ್ನೇ ನೇರವಾಗಿ ತೆಗೆದುಕೊಳ್ಳುವ ಎಐಗಳೂ ಇವೆ, ಗೂಗಲ್‌ನ ಜೆಮಿನಿ ಅಂಥದ್ದು. ನಾವು ಬೇರೆ ಹೇಳದಿದ್ದರೆ ಅದೂ ಸೆಕೆಂಡಿಗೆ ಒಂದು ಚಿತ್ರವನ್ನಷ್ಟೇ ನೋಡುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಉಳಿದ 24 ಅದರ ಪಾಲಿಗೆ ಇಲ್ಲ. ಎದುರಾಳಿಯ ಮಾತಿಗೆ ಅರ್ಥಧಾರಿ ಹುಬ್ಬು ಏರಿಸಿದ್ದು ಆ 24ರೊಳಗೇ ಮುಗಿದುಹೋಗಿರಬಹುದು.

ಇಷ್ಟು ಒಪ್ಪಿಕೊಂಡವರೂ ಎಡವುವ ಜಾಗ ಒಂದಿದೆ. "ಎಷ್ಟು ನಿಮಿಷದಿಂದ ಎಷ್ಟು ನಿಮಿಷದವರೆಗೆ ಇಟ್ಟುಕೊಳ್ಳಲಿ?" ಎಂದು ಎಐಯನ್ನು ಕೇಳುತ್ತಾರೆ. ದಯವಿಟ್ಟು ಕೇಳಬೇಡಿ. ಎಐ ಒಳಗಿರುವ ಭಾಷಾ ಮಾದರಿ ಗಡಿಯಾರ ನೋಡಿ ಉತ್ತರ ಕೊಡುವುದಿಲ್ಲ. ಇಲ್ಲಿ ಯಾವ ಅಂಕಿ ಬರಬಹುದು ಎಂದು ಅಂದಾಜಿಸಿ ಬರೆಯುತ್ತದೆ. 1:12:40ರಿಂದ 1:14:05 ಎಂದು ಅಚ್ಚುಕಟ್ಟಾಗಿ ಕೊಡುತ್ತದೆ. ಫೈಲ್ ಇರುವುದೇ ಒಂದು ಗಂಟೆ ಐದು ನಿಮಿಷ! ಬರಹದಲ್ಲಿ ಸಮಯ ಇದ್ದರೂ ನಕಲು ಮಾಡುವಾಗ ಒಂದು ಅಂಕಿ ಆಚೀಚೆಯಾದರೆ ಕತ್ತರಿ ವಾಕ್ಯದ ನಡುವೆ ಬೀಳುತ್ತದೆ, ಮತ್ತು ಅದು ತಪ್ಪೆಂದು ಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಬದಲಿಗೆ ಹೀಗೆ ಮಾಡಿ. ಮಾತನ್ನು ಅಕ್ಷರಕ್ಕಿಳಿಸಿದ ಮೇಲೆ ಐದರಿಂದ ಎಂಟು ಸೆಕೆಂಡಿಗೊಂದು ಸಾಲಾಗುವಂತೆ, ಆದಷ್ಟೂ ವಾಕ್ಯ ಮುಗಿಯುವಲ್ಲೇ ಒಡೆದು, ಎಕ್ಸೆಲ್ ಹಾಳೆಯಲ್ಲಿಡಿ. ಕಾಲಮ್ಮುಗಳು ಐದು: ಸಾಲಿನ ಸಂಖ್ಯೆ, ಫೈಲಿನ ಹೆಸರು, ಶುರು, ಕೊನೆ, ಮಾತು. ಎಐಗೆ ಕೊಡುವುದು ಸಂಖ್ಯೆ ಮತ್ತು ಮಾತು ಮಾತ್ರ. ಸಮಯ ನಿಮ್ಮ ಹಾಳೆಯಲ್ಲೇ ಉಳಿಯಲಿ. ಉದಾಹರಣೆಗೆ:

412. ಸಂಧಿಗೆಂದು ಬಂದವನನ್ನು ನೀನು ಅತಿಥಿಯೆಂದು ಕರೆದೆ.
413. ಅತಿಥಿಗೆ ಅರ್ಧ ಊಟ ಬಡಿಸುವ ಮನೆ ಇದೆಂದು ನನಗೆ ತಿಳಿದಿರಲಿಲ್ಲ.
414. (ಸಭೆಯಲ್ಲಿ ನಗು, 6 ಸೆಕೆಂಡು)
415. ನಗುವವರು ನಗಲಿ; ನಾನು ಕೇಳಿದ್ದು ಊಟವಲ್ಲ, ಐದು ಊರು.

ಎಐ ಹಿಂದಿರುಗಿಸಬೇಕಾದ್ದು "412ರಿಂದ 415" ಎಂಬುದು, ಜೊತೆಗೆ ಮೊದಲ ಸಾಲಿನ ಮೂರು ಪದ: "ಸಂಧಿಗೆಂದು ಬಂದವನನ್ನು ನೀನು". ಆ ಮೂರು ಪದ 412ರಲ್ಲಿ ನಿಜವಾಗಿ ಇವೆಯೇ ಎಂದು ಹಾಳೆಯ ಸೂತ್ರವೇ ತಾಳೆ ನೋಡುತ್ತದೆ. ಇಲ್ಲದಿದ್ದರೆ ಆ ತುಣುಕನ್ನು ಕೈಬಿಡಿ, ಮತ್ತೆ ಕೇಳಿ. ತಾಳೆಯಾದರೆ ಶುರು ಮತ್ತು ಕೊನೆಯ ಸಮಯವನ್ನು ಹಾಳೆಯಿಂದ ಎತ್ತಿಕೊಳ್ಳಿ. ಹತ್ತು ನಿಮಿಷವಾಯಿತೇ ಎಂದು ಕೂಡುವ ಕೆಲಸವೂ ಹಾಳೆಯದ್ದೇ. ಎಐ ಕೂಡಿ ಹೇಳುವ ಮೊತ್ತ ನಂಬುವಂಥದ್ದಲ್ಲ. ಹತ್ತು ನಿಮಿಷ ಎಂದು ಕೊಟ್ಟದ್ದು ಕೂಡಿದರೆ ಹದಿನೇಳಾಗುತ್ತದೆ.

ಮೇಲಿನ 414ನೇ ಸಾಲು ನೋಡಿ. ಅದನ್ನು ಯಾವ ತಂತ್ರಾಂಶವೂ ಬರೆದದ್ದಲ್ಲ, ಕೈಯಲ್ಲಿ ಸೇರಿಸಿದ್ದು. ಕಾಗದದಲ್ಲಿ ಇಲ್ಲದ್ದು ಎಐ ಪಾಲಿಗೆ ನಡೆದೇ ಇಲ್ಲ. ಭಾಗವತರ ಪದ್ಯ, ಮದ್ದಳೆ, ಚಂಡೆ ಬಂದ ಕಡೆ ಅಕ್ಷರಕ್ಕಿಳಿಸುವ ತಂತ್ರಾಂಶ ಏನೋ ಗೋಜಲು ಬರೆದಿರುತ್ತದೆ. ಎಐ ಅದನ್ನು ಕಸವೆಂದು ತೆಗೆದುಹಾಕುತ್ತದೆ. ಪದ್ಯ ಕಾಣೆಯಾಗುವುದು ಹೀಗೆ. ಆ ಗೋಜಲು ಅಳಿಸಿ "(ಪದ್ಯ, 2 ನಿಮಿಷ 10 ಸೆಕೆಂಡು, 398ರ ಅರ್ಥಕ್ಕೆ ಸೇರಿದ್ದು)" ಎಂದು ಬರೆಯಿರಿ. ಆಗ ಅರ್ಥ ಉಳಿಸಿಕೊಂಡರೆ ಪದ್ಯವನ್ನೂ ಉಳಿಸಿಕೊಳ್ಳುತ್ತದೆ. ಮದುವೆ ವಿಡಿಯೊದಲ್ಲೂ ಇದೇ ಕತೆ: ಧಾರೆಯೆರೆಯುವ ಹೊತ್ತಿಗೆ ಮಾತಿಲ್ಲ, ಗಟ್ಟಿಮೇಳ ಮಾತ್ರ. ಸಾಲು ಸೇರಿಸದಿದ್ದರೆ ಧಾರೆಯೇ ಇಲ್ಲದ ಮದುವೆ ತಯಾರಾಗುತ್ತದೆ.

ಅಕ್ಷರಕ್ಕಿಳಿಸಲು ಹಲವರು ಬಳಸುವುದು ಓಪನ್‌ಎಐ 2022ರಲ್ಲಿ ಮುಕ್ತವಾಗಿ ಬಿಟ್ಟ ವಿಸ್ಪರ್. ಅದಕ್ಕೆ ಕನ್ನಡ ಬರುತ್ತದೆ, ದೊಡ್ಡ ಮಾದರಿ ಹಾಕಿದರೂ ತಿದ್ದದೆ ಬಳಸುವಷ್ಟಲ್ಲ. ಹವ್ಯಕ ಮಾತು ಬಂದರೆ ತಪ್ಪು ಇನ್ನೂ ಹೆಚ್ಚು. ಅದರ ಭಾಷೆಗಳ ಪಟ್ಟಿಯಲ್ಲಿ ಕೊಂಕಣಿ ಇಲ್ಲ; ಕಾರವಾರ, ಅಂಕೋಲಾ ಕಡೆಯ ಬೆರೆತ ಮಾತಿಗೆ ಐಐಟಿ ಮದ್ರಾಸಿನ ಸಂಶೋಧನಾ ತಂಡ ಎಐಫೋರ್‌ಭಾರತ್‌ನ ಕೊಂಕಣಿ ಬಲ್ಲ ಮಾದರಿಗಳನ್ನು ನೋಡಬಹುದು, ಇಲ್ಲವೇ ಆ ಭಾಗವನ್ನು ಕೈಯಲ್ಲೇ ಬರೆಯಬೇಕು. ಇನ್ನೊಂದು ಎಚ್ಚರ: ಯಾರೂ ಮಾತಾಡದ ಕಡೆ ವಿಸ್ಪರ್ ಕೆಲವೊಮ್ಮೆ ಯಾರೂ ಆಡದ ವಾಕ್ಯ ಬರೆಯುತ್ತದೆ, ಒಂದೇ ಸಾಲನ್ನು ಹತ್ತು ಸಲ ಬರೆಯುವುದೂ ಉಂಟು. ಒಂದು ಗಂಟೆಯ ಮಾತು ತಿದ್ದಲು ಮೂರು ಗಂಟೆಯಾದರೂ ಬೇಕು. ಇದೇ ಕೆಲಸದ ಬಹುಪಾಲು. ಉಳಿದದ್ದು ಬೇಗ ಆಗುತ್ತದೆ.

ತಿದ್ದುವುದು ಬೇಡವೆನ್ನುವವರಿಗೆ ತೋಟದ ವಿಡಿಯೊದ ಉದಾಹರಣೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನು ಕೃಷಿಕರೊಬ್ಬರು ಕ್ಯಾಮೆರಾ ಮುಂದೆ ಹೇಳುತ್ತಿದ್ದಾರೆ ಎಂದುಕೊಳ್ಳಿ. "100 ಲೀಟರ್ ನೀರಿಗೆ ಎರಡು ಕೆಜಿ ಮೈಲುತುತ್ತ... ಅಲ್ಲಲ್ಲ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ." ಪುನರಾವರ್ತನೆ ತೆಗೆ ಎಂದು ಹೇಳಿದರೆ ಎಐ ಎರಡರಲ್ಲಿ ಒಂದನ್ನು ತೆಗೆಯುತ್ತದೆ, ಮೊದಲನೆಯದೇ ಉಳಿದುಬಿಡಬಹುದು. ನೋಡಿದವರು ಶೇಕಡಾ ಒಂದರ ದ್ರಾವಣಕ್ಕೆ ಬದಲು ಇಮ್ಮಡಿ ಮೈಲುತುತ್ತ ಹಾಕಿ ಅಡಿಕೆ ಗೊನೆಗೆ ಸಿಂಪಡಿಸುತ್ತಾರೆ. ಪ್ರಮಾಣ, ಔಷಧದ ಹೆಸರು, ಹಣದ ಮೊತ್ತ ಇರುವ ಸಾಲುಗಳಿಗೆ ಹಾಳೆಯಲ್ಲಿ ಬಣ್ಣ ಹಚ್ಚಿ, ಅವನ್ನು ಮನುಷ್ಯರೇ ತೀರ್ಮಾನಿಸಲಿ.

ಮೌನ ಕತ್ತರಿಸುವ ವಿಷಯ. ಇದಕ್ಕೆ ಎಐ ಬೇಕಾಗಿಲ್ಲ, ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶದ ಮೌನ ಪತ್ತೆ ಫಿಲ್ಟರ್ ಸಾಕು. ಏನೂ ಹೇಳದಿದ್ದರೆ ಅದು ಮೈನಸ್ 60 ಡೆಸಿಬಲ್‌ಗಿಂತ ಕೆಳಗೆ ಎರಡು ಸೆಕೆಂಡು ಇದ್ದದ್ದನ್ನಷ್ಟೇ ಮೌನವೆನ್ನುತ್ತದೆ. ನಮ್ಮ ರೆಕಾರ್ಡಿಂಗಿನಲ್ಲಿ ಅಂಥ ಮೌನ ಸಿಗದು. ಶ್ರುತಿಪೆಟ್ಟಿಗೆ ಸಣ್ಣಗೆ ಕೇಳುತ್ತಲೇ ಇರುತ್ತದೆ, ಹೆಂಚಿನ ಮೇಲೆ ಮಳೆ, ಕರಾವಳಿಯಾದರೆ ಗಾಳಿ. ಮೊದಲು ಯಾರೂ ಮಾತಾಡದ ಹತ್ತು ಸೆಕೆಂಡಿನ ಸದ್ದಿನ ಮಟ್ಟ ಅಳೆಯಿರಿ. ಅದು ಮೈನಸ್ 38 ಇದ್ದರೆ ಮಿತಿಯನ್ನು ಮೈನಸ್ 32ರ ಸುಮಾರಿಗೆ ಇಡಿ, ಕನಿಷ್ಠ ಅವಧಿ 0.8 ಸೆಕೆಂಡು. ಮಾತು ಶುರುವಾಗುವ ಮೊದಲು 0.15 ಸೆಕೆಂಡು ಉಳಿಸಿದರೆ ಸಾಕು, ಮುಗಿದ ಮೇಲೆ 0.3 ಬೇಕು. ಕನ್ನಡದಲ್ಲಿ ದನಿ ಇಳಿಯುವುದು ವಾಕ್ಯದ ಕೊನೆಗೆ, "ಇಲ್ಲ", "ಬಾರದು" ಬರುವುದೂ ಅಲ್ಲೇ. "ಮಳೆ ಬರುವಾಗ ಹೊಡೆಯಬಾರದು" ಎಂಬುದರ ಬಾಲ ಕಡಿದರೆ ಏನಾಗುತ್ತದೆ ಯೋಚಿಸಿ. ತಾಳಮದ್ದಳೆಗೆ ಮಾತ್ರ ಈ ಫಿಲ್ಟರ್ ಹಾಕಲೇಬೇಡಿ. ಪ್ರಶ್ನೆ ಎಸೆದು ಅರ್ಥಧಾರಿ ಸುಮ್ಮನಾಗುವ ಮೂರು ಸೆಕೆಂಡು ಅರ್ಥಗಾರಿಕೆಯದ್ದೇ ಭಾಗ.

ಫೋನಿನಲ್ಲಿ ಹಿಡಿದ ವಿಡಿಯೊದ ಫ್ರೇಮ್ ವೇಗ ಸಾಮಾನ್ಯವಾಗಿ ಸ್ಥಿರವಾಗಿರುವುದಿಲ್ಲ. ಅಕ್ಷರಕ್ಕಿಳಿಸುವ ಮೊದಲೇ ಸ್ಥಿರ ಮಾಡಿಕೊಳ್ಳಿ. 30ರಲ್ಲಿ ಹಿಡಿದಿದ್ದರೆ 30ಕ್ಕೇ, 25ಕ್ಕಲ್ಲ. 29.97ರದ್ದನ್ನು 30 ಎಂದು ಲೆಕ್ಕ ಹಾಕಿದರೆ ಗಂಟೆಗೆ 3.6 ಸೆಕೆಂಡು ಜಾರುತ್ತದೆ, ಮೂರನೇ ಗಂಟೆಯ ಹೊತ್ತಿಗೆ ಹಾಳೆಯ ಒಂದೂವರೆ ಸಾಲು ಆಚೆ. ಕ್ಯಾಮೆರಾ ಫೈಲನ್ನು ಒಡೆದು ಒಡೆದು ಬರೆದಿದ್ದರೆ ಪ್ರತಿ ತುಂಡಿನ ಸಮಯವೂ ಸೊನ್ನೆಯಿಂದ ಶುರುವಾಗುತ್ತದೆ. ಸಾಲಿನ ಸಂಖ್ಯೆ ಮಾತ್ರ ಉದ್ದಕ್ಕೂ ಮುಂದುವರಿಯಲಿ. ಫೈಲಿನ ಹೆಸರಿಗೆ ಬೇರೆ ಕಾಲಮ್ ಇಟ್ಟದ್ದು ಇದಕ್ಕೇ.

ಮೂಲ ಫೈಲನ್ನು ಎಐ ಬರೆದ ಆದೇಶದಿಂದ ನೇರವಾಗಿ ಕತ್ತರಿಸಬೇಡಿ. ಮರು ಎನ್‌ಕೋಡ್ ಇಲ್ಲದೆ, ಅಂದರೆ ವಿಡಿಯೊವನ್ನು ಹೊಸದಾಗಿ ಬರೆಯದೆ ಕತ್ತರಿಸಿದರೆ ತುಣುಕು ಕೀಫ್ರೇಮಿನಿಂದಲೇ (ಇಡೀ ಚಿತ್ರ ಪೂರ್ತಿ ಉಳಿಸಿದ ಫ್ರೇಮು) ಶುರುವಾಗಬೇಕು, ಅದು ನೀವು ಹೇಳಿದ ಜಾಗಕ್ಕಿಂತ ಸೆಕೆಂಡುಗಟ್ಟಲೆ ಹಿಂದಿರಬಹುದು. ಪಟ್ಟಿಯನ್ನು ಇಡಿಎಲ್ (ಯಾವ ತುಣುಕು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಫೈಲ್) ಮಾಡಿ ಡಾವಿಂಚಿ ರಿಸಾಲ್ವ್ ಅಥವಾ ಪ್ರೀಮಿಯರ್‌ನಂಥ ಸಂಕಲನ ತಂತ್ರಾಂಶಕ್ಕೆ ಎಳೆದುಕೊಳ್ಳಿ. ಆಮೇಲೆ ಇಡೀ ವಿಡಿಯೊ ನೋಡಲು ಪುರುಸೊತ್ತಿಲ್ಲದಿದ್ದರೂ ಪ್ರತಿ ಜೋಡಣೆಯ ಆಚೆ ಮೂರು, ಈಚೆ ಮೂರು ಸೆಕೆಂಡು ಹೆಡ್‌ಫೋನ್ ಹಾಕಿ ಕೇಳಿ. ನಲವತ್ತು ಜೋಡಣೆಗೆ ನಾಲ್ಕು ನಿಮಿಷ. ಶ್ರುತಿ ಹಠಾತ್ತನೆ ತುಂಡಾದದ್ದು ಕೇಳಿದರೆ ಆ ಜಾಗದಲ್ಲಿ ಧ್ವನಿಗೆ ಮಾತ್ರ ಹತ್ತು ಹನ್ನೆರಡು ಫ್ರೇಮಿನ ಕ್ರಾಸ್‌ಫೇಡ್ ಕೊಡಿ, ಅಂದರೆ ಒಂದರ ಸದ್ದು ಇಳಿಯುತ್ತಾ ಇನ್ನೊಂದರದ್ದು ಏರಲಿ.