ಬಣ್ಣದ ಪದರಗಳ ನಡುವಿನ ಕೊಳೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತೇವಲ್ಲ, ಹಳೆಯ ವರ್ಣಚಿತ್ರಗಳೂ ಹಾಗೆಯೇ. ಆಮ್‌ಸ್ಟರ್‌ಡಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ರೆಂಬ್ರಾಂಟ್ 1642ರಲ್ಲಿ ಬರೆದ ‘ನೈಟ್ ವಾಚ್’ ಎದುರು ನಿಂತರೆ ಕಾಣುವುದು ಕೋವಿ, ಈಟಿ ಹಿಡಿದು ಹೊರಟ ಕಾವಲುಪಡೆ. ಅದನ್ನೇ ಕಂಪ್ಯೂಟರ್ ಪರದೆಯಲ್ಲಿ ಹಿಗ್ಗಿಸುತ್ತ ಹೋಗಿ. ಮೊದಲು ಪಡೆ ಮಾಯವಾಗುತ್ತದೆ, ಆಮೇಲೆ ಮುಖ, ಆಮೇಲೆ ಕಣ್ಣು. ಕೊನೆಗೆ ಉಳಿಯುವುದು ಒಣಗಿ ಬಾಯ್ಬಿಟ್ಟ ಕೆರೆಯಂಗಳದಂಥ ನೆಲ ಮತ್ತು ಅದರಲ್ಲಿ ಹುದುಗಿದ ಬಣ್ಣದ ಹರಳುಗಳು.

ಮ್ಯೂಸಿಯಂ 2022ರ ಜನವರಿಯಲ್ಲಿ ಬಿಡುಗಡೆ ಮಾಡಿದ ಆ ಚಿತ್ರದಲ್ಲಿರುವುದು 71,700 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ 5 ಮೈಕ್ರೊಮೀಟರ್ ಅಂತರ. ಅಂದರೆ ಒಂದು ಚದರ ಮಿಲಿಮೀಟರ್ ಜಾಗದಲ್ಲೇ 40,000 ಪಿಕ್ಸೆಲ್. ಇಷ್ಟನ್ನು ಒಂದೇ ಕ್ಲಿಕ್‌ನಲ್ಲಿ ಹಿಡಿಯುವ ಕ್ಯಾಮೆರಾ ಎಲ್ಲೂ ಇಲ್ಲ. 8,439 ಫೋಟೊ ತೆಗೆದು ಹೊಲಿದದ್ದು ಅದು. ತಲೆನೋವು ಇದ್ದದ್ದು ಹೊಲಿಗೆಗಿಂತ ಫೋಕಸ್‌ನಲ್ಲಿ. ಕ್ಯಾನ್ವಾಸ್ ನಮ್ಮ ಕಣ್ಣಿಗೆ ಚಪ್ಪಟೆ, ಈ ಮಟ್ಟದಲ್ಲಿ ನೋಡಿದರೆ ಏರುತಗ್ಗುಗಳ ಸೀಮೆ. ಆದ್ದರಿಂದ ಲೇಸರ್‌ನಿಂದ ಮೇಲ್ಮೈಯನ್ನು ಅಳೆದು, ಪ್ರತಿ ಫೋಟೊಗೂ ಕ್ಯಾಮೆರಾವನ್ನು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಕರಾರುವಾಕ್ಕಾಗಿ ನಿಲ್ಲಿಸಬೇಕಾಯಿತು.

ಅಷ್ಟೆಲ್ಲ ಯಾಕೆ? ವರ್ಣಚಿತ್ರ ತಣ್ಣಗೆ ಕೂತ ವಸ್ತುವಲ್ಲ. ಅದರೊಳಗೆ ರಸಾಯನ ಕ್ರಿಯೆ ಶತಮಾನಗಳಿಂದ ನಡೆದೇ ಇದೆ. ಬಿಳಿ ಬಣ್ಣದಲ್ಲಿದ್ದ ಸೀಸ, ಅದನ್ನು ಕಲಸಿದ ಎಣ್ಣೆಯ ಕೊಬ್ಬಿನಾಮ್ಲದೊಂದಿಗೆ ಸೇರಿ ಸಾಬೂನಾಗುತ್ತದೆ. ಉತ್ಪ್ರೇಕ್ಷೆಯಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ನಿಜಕ್ಕೂ ಸಾಬೂನೇ. ಆ ಸಾಬೂನು ಸಣ್ಣ ಗುಳ್ಳೆಗಳಾಗಿ ಮೇಲಿನ ಬಣ್ಣವನ್ನು ಸೀಳಿಕೊಂಡು ಬರುತ್ತದೆ. ಕೋಬಾಲ್ಟ್ ಬೆರೆಸಿದ ಗಾಜಿನ ಪುಡಿಯಿಂದ ಮಾಡುತ್ತಿದ್ದ ‘ಸ್ಮಾಲ್ಟ್’ ಎಂಬ ನೀಲಿ, ತನ್ನಲ್ಲಿನ ಪೊಟ್ಯಾಸಿಯಂ ಸೋರಿಹೋದಂತೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ಈ ಬದಲಾವಣೆಗಳ ವೇಗ ಎಷ್ಟು ನಿಧಾನವೆಂದರೆ ಇಡೀ ಆಯುಷ್ಯ ಎದುರಿಗೆ ಕೂತವರಿಗೂ ತಿಳಿಯದು. ಇವತ್ತಿನ ಫೋಟೊ ಪಕ್ಕದಲ್ಲಿ ಹತ್ತು ವರ್ಷದ ನಂತರದ ಫೋಟೊ ಇಟ್ಟರೆ ತಿಳಿದೀತು. ನನ್ನ ಮಟ್ಟಿಗೆ ಆ 71,700 ಕೋಟಿ ಪಿಕ್ಸೆಲ್‌ಗಳ ನಿಜವಾದ ಬೆಲೆ ಇರುವುದು ಆ ಹೋಲಿಕೆಯಲ್ಲಿ. ಮನೆಯಲ್ಲೇ ಕೂತು ಚಿತ್ರ ಹಿಗ್ಗಿಸಿ ನೋಡುವ ಸುಖ ನಮಗೆ ಸಿಕ್ಕ ಕೊಸರು.

ಮೇಲ್ಮೈಯನ್ನು ದಾಟಿ ಒಳಗೆ ಇಣುಕಲು ಬೇರೆ ಬೆಳಕು ಬೇಕು. ಅವಕೆಂಪು ಕಿರಣ ಹಲವು ಬಣ್ಣಗಳನ್ನು ತೂರಿಕೊಂಡು ಹೋಗಿ, ಅಡಿಯಲ್ಲಿ ಇದ್ದಿಲಿನಿಂದ ಗೀಚಿದ ರೇಖೆಗಳನ್ನು ತೋರಿಸುತ್ತದೆ. ಎಕ್ಸ್-ರೇ ತಾಗಿಸಿದರೆ ಒಂದೊಂದು ಮೂಲಧಾತುವೂ ತನ್ನದೇ ಶಕ್ತಿಯ ಕಿರಣ ಹೊಮ್ಮಿಸಿ ಗುರುತು ಹೇಳುತ್ತದೆ. ಪಾದರಸ ಕಂಡರೆ ಅಲ್ಲಿ ಇಂಗಲೀಕದ ಕೆಂಪು ಇರಬೇಕು. ತಾಮ್ರ ಕಂಡರೆ ಬಹುಶಃ ನೀಲಿ ಅಥವಾ ಹಸಿರು. ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂನಲ್ಲಿರುವ, ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬರೆದ ‘ಮುತ್ತಿನೋಲೆಯ ಹುಡುಗಿ’ ಚಿತ್ರವನ್ನು 2018ರಲ್ಲಿ ಹೀಗೆಲ್ಲ ಪರೀಕ್ಷಿಸಿದರು. ರೆಪ್ಪೆಗೂದಲೇ ಇಲ್ಲದವಳೆಂದು ಜನ ಅಂದುಕೊಂಡಿದ್ದ ಆಕೆಗೆ ನವಿರಾದ ರೆಪ್ಪೆಗೂದಲಿತ್ತು. ಬೆನ್ನ ಹಿಂದಿನ ಕತ್ತಲು ಒಂದು ಕಾಲದಲ್ಲಿ ಹಸಿರು ಪರದೆಯಾಗಿತ್ತು. ಮುತ್ತಿಗೆ ಮಾತ್ರ ಕಿವಿಗೆ ಸಿಕ್ಕಿಸುವ ಕೊಕ್ಕೆಯೇ ಇಲ್ಲ!

ಆದರೆ ಕಂಡದ್ದೆಲ್ಲ ಅರ್ಥವಾಗಬೇಕೆಂದಿಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವರ್ಮೀರನದೇ ಇನ್ನೊಂದು ಚಿತ್ರವಿದೆ: ತೆರೆದ ಕಿಟಕಿಯ ಬಳಿ ಕಾಗದ ಓದುತ್ತಿರುವ ಹುಡುಗಿ, ಹಿಂದೆ ಬೋಳು ಗೋಡೆ. ಆ ಗೋಡೆಯೊಳಗೆ ಮನ್ಮಥನ ಚಿತ್ರ ಅಡಗಿದೆಯೆಂದು ಎಕ್ಸ್-ರೇ 1979ರಲ್ಲೇ ಹೇಳಿತ್ತು. ಬೇಡವೆನಿಸಿ ವರ್ಮೀರನೇ ಅಳಿಸಿರಬೇಕು ಎಂದು ಎಲ್ಲರೂ ಸುಮ್ಮನಾದರು. ಆ ಖಾಲಿ ಗೋಡೆಯ ಮೌನವನ್ನು ಕೊಂಡಾಡಿದವರೂ ಕಡಿಮೆಯಿಲ್ಲ.

2017ರಲ್ಲಿ ಆರಂಭವಾದ ದುರಸ್ತಿಯ ಹೊತ್ತಿಗೆ ಬಣ್ಣದ ಕಣವೊಂದರ ಅಡ್ಡಸೀಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಮನ್ಮಥನ ಮೇಲೆ ವಾರ್ನಿಷ್, ಅದರ ಮೇಲೆ ಕೊಳೆ, ಕೊಳೆಯ ಮೇಲೆ ಗೋಡೆಯ ಬಣ್ಣ. ಕೊಳೆ ಕೂರಲು ದಶಕಗಳೇ ಬೇಕು. ಅಷ್ಟರಲ್ಲಿ ವರ್ಮೀರ್ ತೀರಿಕೊಂಡಿದ್ದ. ಗೋಡೆ ಬಳಿದದ್ದು ಇನ್ಯಾರದೋ ಕೈ. ಅಷ್ಟು ವರ್ಷ ಎಕ್ಸ್-ರೇಗೆ ಹೇಳಲಾಗದ್ದನ್ನು ಒಂದು ಗೆರೆ ಕೊಳೆ ಹೇಳಿಬಿಟ್ಟಿತು.

ಸೂಕ್ಷ್ಮದರ್ಶಕದಡಿ ಚಿಕ್ಕ ಅಲಗಿನಿಂದ ಆ ಬಣ್ಣವನ್ನು ಕೆರೆದು ತೆಗೆದರು. 2021ರಿಂದ ಆ ಹುಡುಗಿಯ ಹಿಂದೆ, ಕಾಲಡಿ ಮುಖವಾಡಗಳನ್ನು ಹಾಕಿಕೊಂಡು ಮನ್ಮಥ ನಿಂತಿದ್ದಾನೆ. ಅವಳ ಕೈಯಲ್ಲಿರುವುದು ಎಂಥ ಕಾಗದವೆಂದು ಇನ್ನು ಯಾರೂ ಕೇಳಬೇಕಿಲ್ಲ.